ರಕ್ಷಣೆಯೊಳಗಿನ ಸಂಯಮ



ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯಲ್ಲಿ, ಒಂದು ಕಡೆ ಹಿಂದೂಪುರದ ಪೇಟೆಯನ್ನೂ ಮತ್ತೊಂದು ಕಡೆ ಗೌರಿಬಿದನೂರಿನ ರೈಲುನಿಲ್ದಾಣವನ್ನೂ ನೆಚ್ಚಿಕೊಂಡು, ಕನ್ನಡ ತೆಲುಗುಗಳೆರಡನ್ನೂ ಮನೆಮಾತಿನಂತೆ ಆಡುತ್ತ ಬಾಳುತ್ತಿರುವ ಹಳ್ಳಿಗಳಲ್ಲಿ, ಕೀಲುನೋವೆಂಬುದು ಎಷ್ಟು ಸಾಮಾನ್ಯವಾದ ಮಾತಾಗಿದೆಯೆಂದರೆ, ಅದನ್ನು ಪ್ರತ್ಯೇಕವಾದೊಂದು ರೋಗವೆಂದು ಎಣಿಸಿ ಅದರ ಕಾರಣವನ್ನು ವಿಚಾರಿಸುವವರು ವಿರಳರಾಗಿದ್ದಾರೆ. ವಾಯುವೆಂದೋ ವಯಸ್ಸಿನ ಧರ್ಮವೆಂದೋ ಹೇಳಿ, ಎಣ್ಣೆ ತಿಕ್ಕಿ, ಅಂಗಡಿಯ ನೋವಿನ ಮಾತ್ರೆ ನುಂಗಿ, ಜನ ತಮ್ಮ ಕೆಲಸಕ್ಕೆ ಹೊರಟುಹೋಗುತ್ತಾರೆ. ಆದರೆ ಈ ಒಂದೇ ನೋವಿನ ಹಿಂದೆ ನಮ್ಮ ಸೀಮೆಯಲ್ಲಿ ಮೂರು ಬೇರೆ ಬೇರೆ ಕಾರಣಗಳು ಅಡಗಿರಬಹುದು. ಕೆರೆಗಳು ಸೊರಗಿ, ಕೊಳವೆಬಾವಿಗಳು ಕಗ್ಗಲ್ಲಿನ ಬಿರುಕುಗಳನ್ನು ಅರಸುತ್ತ ವರ್ಷವರ್ಷಕ್ಕೂ ಆಳಕ್ಕಿಳಿದ ಮೇಲೆ, ಈ ಜಿಲ್ಲೆಯ ಅನೇಕ ಊರುಗಳ ಕುಡಿಯುವ ನೀರಿನಲ್ಲಿ ಫ್ಲೋರೈಡು, ಲೀಟರಿಗೆ ಒಂದೂವರೆ ಮಿಲಿಗ್ರಾಮೆಂಬ ಮಿತಿಯನ್ನು ಮೀರಿ ಸೇರಿಕೊಂಡಿದೆ. ಹಲ್ಲನ್ನು ಕಂದಿಸುವ ಆ ಲವಣವು ಕಾಲಕ್ರಮದಲ್ಲಿ ಬೆನ್ನುಮೂಳೆಯನ್ನೂ ಕೀಲುಗಳನ್ನೂ ಬಿಗಿದುಬಿಡುತ್ತದೆ. ಎರಡನೆಯದು ಸೊಳ್ಳೆಯಿಂದ ಬರತಕ್ಕ ಚಿಕುನ್‌ಗುನ್ಯಾ. 2006ರಲ್ಲಿ ಅದು ಕರ್ನಾಟಕವನ್ನು ಆವರಿಸಿದಾಗ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದವರನ್ನು ನಾವೆಲ್ಲರೂ ಕಂಡಿದ್ದೇವೆ. ಮೂರನೆಯದು ನೀರಿನಿಂದಲೂ ಬಂದುದಲ್ಲ, ಸೊಳ್ಳೆಯಿಂದಲೂ ಬಂದುದಲ್ಲ. ದೇಹವನ್ನು ಕಾಯುವುದಕ್ಕಾಗಿಯೇ ಇರತಕ್ಕ ವ್ಯವಸ್ಥೆಯು ದೇಹದ ಮೇಲೆಯೇ ತಿರುಗಿ ಬೀಳುವುದರಿಂದ ಆಗುವಂಥದು. ವೈದ್ಯರು ಅದನ್ನು ರುಮಟಾಯ್ಡ್ ಸಂಧಿವಾತವೆನ್ನುತ್ತಾರೆ; ಈ ಬಗೆಯ ರೋಗಗಳ ಇಡೀ ಕುಲಕ್ಕೆ ಸ್ವಯಂನಿರೋಧಕ ರೋಗಗಳೆಂದು ಹೆಸರು. ಇಂದಿನ ನನ್ನ ಮಾತು ಈ ಮೂರನೆಯದನ್ನು ಕುರಿತದ್ದು.

ಇದು ಅಪೂರ್ವವಾದ ರೋಗವೇನೂ ಅಲ್ಲ. ವಯಸ್ಕರಲ್ಲಿ ಸಾವಿರಕ್ಕೆ ಐದರಿಂದ ಹತ್ತು ಮಂದಿಯನ್ನು ಇದು ಹಿಡಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಇದರ ಅಪಾಯ ಅಧಿಕ. ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ನಾನು ಕಂಡ ತಾಯಿಯೊಬ್ಬಳು, ಬೆಂದ ಗೂಡುಗಳು ತೇಲುತ್ತಿದ್ದ ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿ ಎಳೆಯ ತುದಿಯನ್ನು ಹುಡುಕುತ್ತಿದ್ದಳು. ಎರಡು ಕೈಗಳಲ್ಲಿಯೂ ಬೆರಳಿನ ಬುಡದ ಗೆಣ್ಣುಗಳು ಒಂದೇ ತೆರನಾಗಿ ಊದಿ, ಅವುಗಳ ನಡುವಣ ತಗ್ಗುಗಳು ಮುಚ್ಚಿಹೋಗಿದ್ದವು; ಉಗುರಿನ ಹತ್ತಿರದ ಗೆಣ್ಣುಗಳಿಗೆ ಏನೂ ಆಗಿರಲಿಲ್ಲ. ವಿಚಾರಿಸಿದಾಗ, "ಎದ್ದಾಗ ಮುಷ್ಟಿ ಕಟ್ಟೋಕೇ ಬರಲ್ಲ ಸಾರ್, ಬಿಸ್ನೀರಲ್ಲಿ ಕೈಯಾಡ್ತಾ ಆಡ್ತಾ ಒಂಬತ್ತು ಗಂಟೆ ಹೊತ್ಗೆ ಸರಿಹೋಗ್ತದೆ. ಅದಕ್ಕೇ ಆಸ್ಪತ್ರೆ ಕಡೆ ಹೋಗ್ಲಿಲ್ಲ" ಎಂದಳು. ಆಕೆಯ ಕಸುಬಿನ ಬಿಸಿನೀರೇ ಆಕೆಯ ರೋಗವನ್ನು ಆಕೆಯಿಂದ ಮರೆಮಾಡಿತ್ತು. ಬೆಳಗಿನ ಹೊತ್ತು ಗಂಟೆಗೂ ಮೀರಿ ನಿಲ್ಲುವ ಬಿಗುಪು, ಎಡಬಲಗಳೆರಡರಲ್ಲಿಯೂ ಸಮನಾಗಿ ಕಾಣುವ ಊತ, ಆರು ವಾರ ಕಳೆದರೂ ಇಳಿಯದ ಹಟ, ಇವು ಸೇರಿದಲ್ಲಿ ಅದು ವಾಯುವೂ ಅಲ್ಲ, ವಯಸ್ಸೂ ಅಲ್ಲ. ಮೂಳೆ ಸವೆಯುವುದು ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲಿಯೇ ಆರಂಭವಾಗುವುದರಿಂದ ಈ ರೋಗದಲ್ಲಿ ಕಳೆದುಹೋದ ಕಾಲವನ್ನು ಯಾವ ಔಷಧವೂ ಹಿಂದಕ್ಕೆ ತರಲಾರದು.

ದೇಹವು ತನ್ನನ್ನು ತಾನೇ ಏತಕ್ಕೆ ಬಾಧಿಸಬೇಕು? ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಎಂಬ ಮಹಾವಿಜ್ಞಾನಿಯು ಜೀವಿಯೊಂದು ತನ್ನ ಅಂಗಾಂಶಗಳಿಗೆ ತಾನೇ ವಿಷವಾಗುವ ಸ್ಥಿತಿಯನ್ನು ಪ್ರಕೃತಿಯು ಸಹಿಸಲಾರದೆಂದು ನಂಬಿದ್ದನು. ಆತನ ಆ ನಂಬಿಕೆಯನ್ನು ಅರ್ಧಸತ್ಯವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಅಂಥ ಸ್ಥಿತಿ ಒದಗುವುದುಂಟಾದರೂ ಅದು ನಮ್ಮೆಲ್ಲರಿಗೂ ಒದಗದಿರುವುದಕ್ಕೆ ಪ್ರಕೃತಿಯು ಬಹಳವಾದ ಏರ್ಪಾಡುಗಳನ್ನು ಮಾಡಿಕೊಂಡಿದೆಯೆಂಬುದು ಈಗ ಸ್ಪಷ್ಟವಾಗಿದೆ. ರಕ್ತದಲ್ಲಿ ಸಂಚರಿಸುವ ಟಿ ಕೋಶಗಳೆಂಬ ರಕ್ಷಕಕೋಶಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವಗೊಳ್ಳುತ್ತವೆ. ಅಲ್ಲಿ ಒಂದೊಂದು ಕೋಶಕ್ಕೂ ಪರೀಕ್ಷೆಯುಂಟು: ಯಾವುದು ದೇಹದ ಸ್ವಂತ ಪದಾರ್ಥಗಳನ್ನು ಅನ್ಯವೆಂದು ಬಗೆದು ಅವುಗಳಿಗೆ ಬಲವಾಗಿ ಅಂಟಿಕೊಳ್ಳುವುದೋ ಅದು ಅಲ್ಲಿಯೇ ನಾಶಗೊಳಿಸಲ್ಪಡುತ್ತದೆ. ಬಹುಕಾಲ ವಿದ್ವಾಂಸರು ಇಷ್ಟೇ ಸಾಕೆಂದುಕೊಂಡಿದ್ದರು. ಆದರೆ ಯಾವ ಪರೀಕ್ಷೆಯಿಂದಲೂ ಕೆಲವರು ನುಣುಚಿಕೊಳ್ಳುವಂತೆ ಇಲ್ಲಿಯೂ ಕೆಲವು ಕೋಶಗಳು ನುಣುಚಿಕೊಂಡು ಹೊರಬೀಳುತ್ತವೆ. ನೀವೂ ನಾನೂ ಅಂಥ ಕೋಶಗಳನ್ನು ಹೊತ್ತುಕೊಂಡೇ ಆರೋಗ್ಯವಾಗಿದ್ದೇವೆ. ಹಾಗಾದರೆ ಅವನ್ನು ಹೊರಗೆ ತಡೆದು ನಿಲ್ಲಿಸಿರುವವರು ಯಾರು?

ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಜಪಾನಿನ ನಿಶಿಜುಕ, ಸಕಾಕುರ ಎಂಬಿಬ್ಬರು 1969ರಲ್ಲಿ, ಹುಟ್ಟಿದ ಮೂರನೆಯ ದಿನದ ಇಲಿಮರಿಗಳಿಂದ ಥೈಮಸ್ ಗ್ರಂಥಿಯನ್ನು ತೆಗೆದುಹಾಕಿ ನೋಡಿದರು. ರಕ್ಷಕಕೋಶಗಳನ್ನು ಪಕ್ವಗೊಳಿಸುವ ಗ್ರಂಥಿಯೇ ಹೋದಮೇಲೆ ರಕ್ಷಣೆ ಕುಗ್ಗಬೇಕೆಂಬುದು ಸಹಜವಾದ ಎಣಿಕೆ. ಆದದ್ದೇ ಬೇರೆ: ಆ ಹೆಣ್ಣಿಲಿಗಳ ಅಂಡಾಶಯಗಳು ಅವುಗಳ ರಕ್ಷಕಕೋಶಗಳಿಂದಲೇ ನಾಶವಾದುವು. ಏಳನೆಯ ದಿನದಲ್ಲಿ ಗ್ರಂಥಿಯನ್ನು ತೆಗೆದರೆ ಹೀಗಾಗುತ್ತಿರಲಿಲ್ಲ. ಮೂರನೆಯ ದಿನಕ್ಕೂ ಏಳನೆಯ ದಿನಕ್ಕೂ ನಡುವೆ ಆ ಗ್ರಂಥಿಯಿಂದ ಹೊರಟ ಯಾವುದೋ ಒಂದು ಪಂಗಡದ ಕೋಶಗಳು ಉಳಿದವುಗಳನ್ನು ಹಿಡಿತದಲ್ಲಿಡುತ್ತಿದ್ದಿರಬೇಕೆಂದು ಶಿಮೊನ್ ಸಕಾಗುಚಿಯವರು ತರ್ಕಿಸಿದರು. ನಿಗ್ರಹಿಸುವ ಕೋಶಗಳೆಂಬ ಭಾವನೆಯನ್ನೇ ಆ ಕಾಲದ ಬಹುಮಂದಿ ವಿಜ್ಞಾನಿಗಳು ಕೈಬಿಟ್ಟಿದ್ದ ದಿನಗಳಲ್ಲಿ, ಹತ್ತು ವರ್ಷಗಳಿಗೂ ಮಿಕ್ಕಿ ಅದೊಂದನ್ನೇ ಹಿಡಿದು ದುಡಿದು, 1995ರಲ್ಲಿ ಅವರು ಆ ಕೋಶಗಳನ್ನು ಅವುಗಳ ಮೈಮೇಲಣ ಗುರುತಿನ ಅಣುಗಳ ಸಮೇತ ಲೋಕಕ್ಕೆ ತೋರಿಸಿಕೊಟ್ಟರು. ಅವೇ ಈಗ ನಿಯಂತ್ರಕ ಟಿ ಕೋಶಗಳೆಂದು ಪ್ರಸಿದ್ಧವಾಗಿರುವಂಥವು.

ಇನ್ನೊಂದು ಎಳೆ ಅಮೆರಿಕದಿಂದ ಬಂದಿತು. ಅಣುಬಾಂಬಿನ ಕಾಲದಲ್ಲಿ ವಿಕಿರಣದ ಪರಿಣಾಮಗಳನ್ನು ಅಭ್ಯಸಿಸುತ್ತಿದ್ದ ಓಕ್ ರಿಜ್ ಪ್ರಯೋಗಾಲಯದಲ್ಲಿ, ಚರ್ಮವೆಲ್ಲ ಹೊಪ್ಪಳಿಸಿ, ಗುಲ್ಮ ಊದಿ, ಕೆಲವೇ ವಾರಗಳಲ್ಲಿ ಸಾಯುತ್ತಿದ್ದ ಗಂಡಿಲಿಗಳ ಒಂದು ತಳಿ ತಾನಾಗಿ ತಲೆದೋರಿತ್ತು. ಅದರ ಮೂಲವನ್ನು ಅರಸಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಎಂಬಿಬ್ಬರು ಎಕ್ಸ್ ವರ್ಣತಂತುವಿನಲ್ಲಿ ಶಂಕೆಯನ್ನು ಇಪ್ಪತ್ತು ಜೀನುಗಳಿಗೆ ಇಳಿಸಿಕೊಂಡು, ಒಂದಾದ ಮೇಲೊಂದನ್ನು ಶೋಧಿಸುತ್ತ, ಇಪ್ಪತ್ತನೆಯದಾದ ಕೊನೆಯದರಲ್ಲಿ ದೋಷವನ್ನು ಕಂಡರು. ಫಾಕ್ಸ್‌ಪಿ3 ಎಂಬ ಆ ಜೀನು ಕೆಟ್ಟರೆ ಗಂಡುಮಕ್ಕಳಲ್ಲಿಯೂ ಶೈಶವದಲ್ಲಿಯೇ ಕರುಳನ್ನೂ ಚರ್ಮವನ್ನೂ ಕೆಡಿಸಿ ಮಧುಮೇಹವನ್ನೂ ತರುವ ಘೋರವಾದ ಸ್ವಯಂನಿರೋಧಕ ರೋಗವುಂಟಾಗುವುದೆಂದು 2001ರಲ್ಲಿ ಸಿದ್ಧವಾಯಿತು. ನಿಯಂತ್ರಕ ಕೋಶಗಳನ್ನು ನಿಯಂತ್ರಕಗಳಾಗಿ ರೂಪಿಸುವುದೇ ಈ ಜೀನೆಂದು ಎರಡು ವರ್ಷಗಳ ತರುವಾಯ ತಿಳಿದಾಗ ಜಪಾನಿನ ಎಳೆಯೂ ಅಮೆರಿಕದ ಎಳೆಯೂ ಒಂದಾದುವು. 2025ರ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಈ ಮೂವರಿಗೆ ಸಂದಿತು.

ನಮ್ಮ ಕೆರೆಗಳ ತುಂಬು ದಿನಗಳಲ್ಲಿ ತೂಬನ್ನು ಎತ್ತುವ ಇಳಿಸುವ ಅಧಿಕಾರ ನೀರುಗಂಟಿಯೊಬ್ಬನಿಗೆ ಮಾತ್ರ ಇರುತ್ತಿತ್ತು. ನೀರು ಬಿಡದೆ ಹೋದರೆ ಗದ್ದೆ ಒಣಗುವುದು. ಬಿಟ್ಟ ನೀರನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸದೆ ಹೋದರೆ ಬೆಳೆದ ಪೈರೇ ಕೊಳೆಯುವುದು. ನಿಯಂತ್ರಕ ಕೋಶಗಳೂ ಅವು ಬಳಸುವ ಅಣುಗಳೂ ದೇಹದಲ್ಲಿ ನಡೆಸುವ ಕಾರ್ಯ ಇಂಥದೇ. ರಕ್ಷಕಕೋಶವೊಂದು ಉದ್ರೇಕಗೊಳ್ಳಬೇಕಾದರೆ ವೈರಿಯ ಗುರುತು ಸಿಕ್ಕರಷ್ಟೆ ಸಾಲದು. ಅದರ ಮೈಮೇಲಿರುವ ಸಿಡಿ28 ಎಂಬ ಗ್ರಾಹಕವು ಎದುರಿನ ಕೋಶದ ಒಂದು ಅಣುವಿನೊಡನೆ ಕೂಡಿ ಎರಡನೆಯ ಅನುಮತಿಯನ್ನೂ ಪಡೆಯಬೇಕು. ಕಾರ್ಯ ಮುಂದುವರಿದಂತೆ ಅದೇ ಕೋಶವು ಸಿಟಿಎಲ್‌ಎ-4 ಎಂಬ ಇನ್ನೊಂದು ಅಣುವನ್ನು ಹೊರಚಾಚುತ್ತದೆ. ಇದು ಅದೇ ಎದುರಿನ ಅಣುವನ್ನು ಸಿಡಿ28ಕ್ಕಿಂತ ಬಿಗಿಯಾಗಿ ಹಿಡಿದು ಅನುಮತಿಯನ್ನು ಕಿತ್ತುಕೊಳ್ಳುತ್ತದೆ. ಉದ್ರೇಕಕ್ಕೂ ಉಪಶಮನಕ್ಕೂ ಮೂಲ ಒಂದೇ ಸ್ಥಳದಲ್ಲಿರುವ ಈ ರಚನೆಯನ್ನು ಕುರಿತು ಓದಿದಾಗಲೆಲ್ಲ ನನಗೆ ಆಶ್ಚರ್ಯವೂ ಗೌರವವೂ ಉಂಟಾಗುತ್ತವೆ. ಈ ಸಿಟಿಎಲ್‌ಎ-4 ಅಣುವನ್ನೇ ಅನುಕರಿಸಿ ನಿರ್ಮಿಸಿದ ಅಬಟಾಸೆಪ್ಟ್ ಎಂಬ ಔಷಧವು 2005ರಿಂದ ಸಂಧಿವಾತಕ್ಕೆ ಬಳಕೆಯಲ್ಲಿದೆ. ಇದರ ವಿಪರ್ಯಯವೂ ಅಷ್ಟೇ ಬೋಧಪ್ರದವಾದುದು: ಅರ್ಬುದರೋಗದ ಚಿಕಿತ್ಸೆಯಲ್ಲಿ ಈ ತಡೆಯುವ ಅಣುಗಳನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿ ರಕ್ಷಕಕೋಶಗಳನ್ನು ಗಡ್ಡೆಯ ಮೇಲೆ ಬಿಡುತ್ತಾರೆ, ಅದನ್ನು ಸಾಧಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ದೊರೆಯಿತು. ಆ ಚಿಕಿತ್ಸೆ ಪಡೆದವರಲ್ಲಿ ಅನೇಕರಿಗೆ ಥೈರಾಯ್ಡಿನ, ಕರುಳಿನ, ಕೀಲುಗಳ ಸ್ವಯಂನಿರೋಧಕ ತೊಂದರೆಗಳು ಹೊಸದಾಗಿ ತೋರಿಬರುತ್ತವೆ. ಸಂಯಮವು ರಕ್ಷಣೆಯ ಒಂದು ಅಂಗವೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಕೋಶಗಳು ಪರಸ್ಪರ ಸಂದೇಶ ಕಳುಹಲು ಸ್ರವಿಸುವ ಸೈಟೊಕೈನುಗಳೆಂಬ ಅಣುಗಳ ವಿಷಯವನ್ನು ಇಲ್ಲಿ ಹೇಳಬೇಕು. ಅವುಗಳಲ್ಲಿ ಕೆಲವು ಉರಿಯೂತವನ್ನು ಹೆಚ್ಚಿಸುತ್ತವೆ, ಕೆಲವು ತಗ್ಗಿಸುತ್ತವೆ. ಹೆಚ್ಚಿಸುವವುಗಳ ಪೈಕಿ ಟಿಎನ್‌ಎಫ್ ಎಂಬುದು ಸಂಧಿವಾತದ ಕೀಲಿನೊಳಗೆ ವಿಪುಲವಾಗಿರುವುದನ್ನು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಅವರೂ ಲುಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿಯವರೂ ಕಂಡರು. ನೂರಾರು ಸಂದೇಶಗಳ ನಡುವೆ ಒಂದನ್ನು ತಡೆದ ಮಾತ್ರಕ್ಕೆ ರೋಗ ಇಳಿದೀತೇ ಎಂದು ಅನೇಕರು ಸಂಶಯಪಟ್ಟಿದ್ದರು. 1992ರಲ್ಲಿ ಟಿಎನ್‌ಎಫ್ ಅನ್ನು ಕಟ್ಟಿಹಾಕುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಊತವೂ ನೋವೂ ಇಳಿದುವು. ಅಲ್ಲಿಂದ ಮುಂದೆ ಲಕ್ಷಾಂತರ ಜನ ಹಾಸಿಗೆ ಬಿಟ್ಟೆದ್ದಿದ್ದಾರೆ.

ಆದರೆ ಟಿಎನ್‌ಎಫ್ ಅನ್ನು ಕೇವಲ ದುಷ್ಟವೆಂದು ತಿಳಿಯುವುದು ತಪ್ಪಾಗುತ್ತದೆ, ವಿಶೇಷವಾಗಿ ನಮ್ಮ ದೇಶದಲ್ಲಿ. ನಮ್ಮಲ್ಲಿ ಬಹಳ ಮಂದಿಯ ಶ್ವಾಸಕೋಶದಲ್ಲಿ ಕ್ಷಯದ ಕ್ರಿಮಿಗಳು ಯಾವುದೋ ಕಾಲದಲ್ಲಿ ಹೊಕ್ಕು, ರೋಗವಾಗದೆ, ಸಣ್ಣ ಗಂಟುಗಳೊಳಗೆ ಸೆರೆಯಾಗಿ ಸುಪ್ತವಾಗಿರುತ್ತವೆ. ಆ ಗಂಟನ್ನು ಕಟ್ಟಿ ಬಿಗಿಯಾಗಿರಿಸುವ ಅಣುಗಳಲ್ಲಿ ಮುಖ್ಯವಾದುದು ಇದೇ ಟಿಎನ್‌ಎಫ್. ಅದನ್ನು ತಡೆದೊಡನೆ ಗಂಟು ಸಡಿಲಿ ಕ್ರಿಮಿಗಳು ಹೊರಬರಬಹುದು. ಆ ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 2001ರಲ್ಲಿ, ಹೀಗೆ ಕ್ಷಯ ತಲೆಯೆತ್ತಿದ 70 ಪ್ರಕರಣಗಳು ಒಂದೇ ವರದಿಯಲ್ಲಿ ಪ್ರಕಟವಾದುವು. ಆದುದರಿಂದಲೇ ಈ ಬಗೆಯ ಚುಚ್ಚುಮದ್ದನ್ನು ಕೊಡುವ ಮುನ್ನ ಎದೆಯ ಎಕ್ಸ್‌ರೇಯನ್ನೂ ಕ್ಷಯಸೋಂಕಿನ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಇದು ವೃಥಾ ಖರ್ಚೆಂದು ರೋಗಿಗಳು ಗೊಣಗುವುದುಂಟು. ದಯವಿಟ್ಟು ಹಾಗೆ ಎಣಿಸಬೇಡಿ, ಈ ಪರೀಕ್ಷೆಗಳನ್ನು ಎಂದಿಗೂ ತಪ್ಪಿಸಬೇಡಿ.

ಇನ್ನು ನಮ್ಮ ರಾಜಧಾನಿಯಲ್ಲಿ ಬೆಳೆದ ಔಷಧವೊಂದಕ್ಕೆ ಬರೋಣ; ಅದರ ಮೂಲ ಮಾತ್ರ ದೂರದ್ದು. ಕ್ಯೂಬಾ ದೇಶದ ಹವಾನಾದಲ್ಲಿರುವ ಅಣು ಪ್ರತಿರಕ್ಷಾಶಾಸ್ತ್ರ ಕೇಂದ್ರವು, ಆ ಪುಟ್ಟ ದ್ವೀಪಕ್ಕೆ ನೆರೆಯ ಬಲಿಷ್ಠ ರಾಷ್ಟ್ರವು ವಿಧಿಸಿದ್ದ ವ್ಯಾಪಾರ ನಿರ್ಬಂಧದ ನಡುವೆಯೇ, ಟಿ ಕೋಶಗಳ ಮೇಲಿರುವ ಸಿಡಿ6 ಎಂಬ ಗ್ರಾಹಕವನ್ನು ಹಿಡಿಯುವ ಪ್ರತಿಕಾಯವೊಂದನ್ನು ಇಲಿಯಿಂದ ಪಡೆದು, ಮನುಷ್ಯಶರೀರಕ್ಕೆ ಒಗ್ಗುವಂತೆ ಮಾರ್ಪಡಿಸಿತ್ತು. ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆಯು ಆ ಕೇಂದ್ರದೊಡನೆ ಕೂಡಿ, ಅದನ್ನು ಇಟೊಲಿಜುಮ್ಯಾಬ್ ಎಂಬ ಔಷಧವಾಗಿ ಬೆಳೆಯಿಸಿ, ಸೋರಿಯಾಸಿಸ್ ಎಂಬ ಚರ್ಮರೋಗವುಳ್ಳ ಭಾರತದ ರೋಗಿಗಳಲ್ಲಿ ಪರೀಕ್ಷಿಸಿ, 2013ರಲ್ಲಿ ಅನುಮತಿ ಪಡೆದು ಆಲ್ಜುಮ್ಯಾಬ್ ಎಂಬ ಹೆಸರಿನಲ್ಲಿ ಬಳಕೆಗೆ ತಂದಿತು. ಸಿಡಿ6 ಗ್ರಾಹಕವು ಎದುರಿನ ಕೋಶದ ಆಲ್‌ಕ್ಯಾಮ್ ಎಂಬ ಅಣುವಿನೊಡನೆ ಕೂಡಿದಾಗ ಟಿ ಕೋಶದ ಉದ್ರೇಕ ಹೆಚ್ಚುತ್ತದೆ. ಔಷಧವು ಸಿಡಿ6ಕ್ಕೆ ಅಂಟಿಕೊಂಡು ಆ ಉದ್ರೇಕವನ್ನು ತಗ್ಗಿಸುತ್ತದೆ, ಉರಿಯೂತದ ಸಂದೇಶಾಣುಗಳು ಕಡಮೆಯಾಗುತ್ತವೆ. ಟಿ ಕೋಶಗಳನ್ನು ಕೊಲ್ಲದೆ ಶಮನಗೊಳಿಸುವ ಈ ಮಾರ್ಗವನ್ನು ನಾನು ಮೆಚ್ಚುತ್ತೇನೆ. ಆದರೆ ಮೆಚ್ಚುಗೆಯೂ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು: 2020ರ ಜುಲೈ ತಿಂಗಳಿನಲ್ಲಿ ಇದೇ ಔಷಧಕ್ಕೆ ಕೋವಿಡ್ ರೋಗಿಗಳಲ್ಲಿ ತುರ್ತಿನ ನಿರ್ಬಂಧಿತ ಬಳಕೆಗೆಂದು ಕೊಟ್ಟ ಅನುಮತಿಯು ಕೇವಲ 30 ಮಂದಿಯ ಪರೀಕ್ಷೆಯನ್ನು ಆಧರಿಸಿತ್ತು, ಅಷ್ಟು ಅಲ್ಪವಾದ ಆಧಾರ ಸಾಲದೆಂದು ಆಗ ವೈದ್ಯರು ಎತ್ತಿದ ಆಕ್ಷೇಪಣೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಸೋರಿಯಾಸಿಸ್ ಕುರಿತು ಒಂದು ಮಾತು. ಆರೋಗ್ಯವಂತರಲ್ಲಿ ಚರ್ಮದ ಮೇಲ್ಪದರವು ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ; ಈ ರೋಗದಲ್ಲಿ ಟಿ ಕೋಶಗಳ ಪ್ರಚೋದನೆಯಿಂದ ಅದು ಕೆಲವೇ ದಿನಗಳಲ್ಲಿ ಆಗಿಬಿಡುವುದರಿಂದ ಬಲಿಯದ ಕೋಶಗಳು ಬೆಳ್ಳಿಯ ಬಣ್ಣದ ಹೊಪ್ಪಳಿಕೆಗಳಾಗಿ ಮೊಣಕೈ, ಮಂಡಿ, ನೆತ್ತಿಗಳ ಮೇಲೆ ಕೂಡಿಕೊಳ್ಳುತ್ತವೆ. ಇದು ಅಂಟುವ ರೋಗವಲ್ಲ. ಮುಟ್ಟಿದರೆ, ಒಂದೇ ಲೋಟದಲ್ಲಿ ಕುಡಿದರೆ, ಒಂದೇ ಚಾಪೆಯ ಮೇಲೆ ಮಲಗಿದರೆ ಬರುವುದಿಲ್ಲ. ಆದರೂ ಹೀಗೆ ಚರ್ಮ ಕೆಟ್ಟ ಹೆಣ್ಣುಮಕ್ಕಳನ್ನು ಅಡಿಗೆಮನೆಯಿಂದ ಹೊರಗಿರಿಸಿ ಬೇರೆ ತಟ್ಟೆ ಕೊಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆಯೆಂಬುದು ನನಗೆ ಬಹಳ ವ್ಯಥೆಯನ್ನುಂಟುಮಾಡುತ್ತದೆ. ಅಂಥ ಮನೆಯ ಯಜಮಾನರು ಯಾರಾದರೂ ಈಗ ಕೇಳುತ್ತಿದ್ದರೆ, ಇಂದಿನ ರಾತ್ರಿಯ ಊಟವನ್ನು ಆಕೆಯ ಕೈಯಿಂದಲೇ ಬಡಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಈ ಹೊಸ ಔಷಧಗಳು ದುಬಾರಿಯಾದುವೆಂಬುದು ನಿಜ. ಟಿಎನ್‌ಎಫ್ ಅನ್ನು ತಡೆಯುವ ಅಡಲಿಮುಮ್ಯಾಬ್ ಎಂಬುದರ ಪ್ರತಿರೂಪವನ್ನು ಅಹಮದಾಬಾದಿನ ಝೈಡಸ್ ಸಂಸ್ಥೆಯು 2014ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲೆಯ ಸುಮಾರು ಐದನೆಯ ಒಂದು ಭಾಗಕ್ಕೆ ತಂದಾಗಲೂ, ಹಿಪ್ಪುನೇರಳೆ ಬೆಳೆದು ಬಾಳುವ ಕುಟುಂಬಕ್ಕೆ ಅದು ನಿಲುಕುವಂಥದಾಗಿರಲಿಲ್ಲ. ಆದರೆ ನಿರಾಶೆಗೆ ಕಾರಣವಿಲ್ಲ. ಸಂಧಿವಾತದ ಹೆಚ್ಚಿನ ರೋಗಿಗಳಿಗೆ ಮೊದಲ ಔಷಧ ಇಂದಿಗೂ ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಮಾತ್ರೆಯೇ. ಕಾಲದಲ್ಲಿ ಆರಂಭಿಸಿದರೆ ಅದೊಂದರಿಂದಲೇ ಅನೇಕರ ಕೈಗಳು ಉಳಿಯುತ್ತವೆ.

ನಿಜವಾದ ಅಪಾಯವಿರುವುದು ಬೇರೆ ಕಡೆ, ಸಂತೆಯ ಪುಡಿಗಳಲ್ಲಿ; ಅದನ್ನು ತಿಳಿಯಲು ಹಳೆಯದೊಂದು ಸಂಗತಿಯಿಂದ ಆರಂಭಿಸಬೇಕು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಎಂಬ ವೈದ್ಯನು, ಹಾಸಿಗೆಯಿಂದ ಏಳಲಾರದಿದ್ದ 29 ವರ್ಷದ ಸಂಧಿವಾತರೋಗಿಯೊಬ್ಬಳಿಗೆ, ಮೂತ್ರಪಿಂಡದ ಮೇಲಣ ಗ್ರಂಥಿಯ ಸ್ರಾವವಾದ ಕಾರ್ಟಿಸೋನನ್ನು ಚುಚ್ಚಿದಾಗ, ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದು ಪೇಟೆಗೆ ಹೋಗಿಬಂದಳು. ಗರ್ಭಿಣಿಯರಲ್ಲಿ ಈ ರೋಗ ತಾನಾಗಿ ತಗ್ಗುವುದನ್ನು ಮೊದಲೇ ಗಮನಿಸಿದ್ದ ಆತನು, ದೇಹದೊಳಗೇ ಶಮನದ ದ್ರವ್ಯವೊಂದಿರಬೇಕೆಂದು ವರ್ಷಗಟ್ಟಲೆ ಹುಡುಕಿದ್ದನು. 1950ರಲ್ಲಿ ಆತನಿಗೂ ಕೆಂಡಾಲ್, ರೈಶ್‌ಸ್ಟೈನ್ ಎಂಬಿಬ್ಬರಿಗೂ ನೊಬೆಲ್ ಬಂದಿತು. ಆದರೆ ವರ್ಷಗಟ್ಟಲೆ ಅದನ್ನೇ ಕೊಟ್ಟಾಗ ಮುಖ ಊದಿ, ಮೂಳೆ ಟೊಳ್ಳಾಗಿ, ರಕ್ತದಲ್ಲಿ ಸಕ್ಕರೆಯೇರುವುದೆಂಬುದು ಬೇಗನೆ ತಿಳಿಯಿತು. ಇಂದು ವೈದ್ಯರು ಸ್ಟೆರಾಯ್ಡುಗಳೆಂಬ ಈ ಬಗೆಯ ಔಷಧಗಳನ್ನು ಅಳೆದು, ಕಾಲಮಿತಿಯಲ್ಲಿ, ಕ್ರಮವಾಗಿ ತಗ್ಗಿಸುತ್ತ ಕೊಡುತ್ತಾರೆ. ಹೆಸರಿಲ್ಲದ ವಾತದ ಪುಡಿಯನ್ನು ಸಂತೆಯಲ್ಲಿ ಮಾರುವವನಿಗೆ ಈ ಯಾವ ಕಟ್ಟುಪಾಡೂ ಇಲ್ಲ. ಎರಡು ದಿನಗಳಲ್ಲಿ ಪವಾಡದಂತೆ ನೋವಿಳಿಸುವ ಇಂಥ ಪುಡಿಗಳಲ್ಲಿ ಸ್ಟೆರಾಯ್ಡು ಬೆರೆತಿರುವುದನ್ನು ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಓದಿಗಾಗಿ 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಡಾ. ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವೆಲ್ಲ ಬೋಧಿಸಿದರು. ಅವರ ನೆರೆಹೊರೆಯವರಾದ ನಾವು ಪುಡಿಯ ಪೊಟ್ಟಣ ಮಾರುವವನನ್ನು, ಇದರಲ್ಲಿ ಏನಿದೆಯಪ್ಪ, ಎಲ್ಲಿ ಬರೆದಿದೆ ತೋರಿಸು ಎಂದು ಕೇಳುವಷ್ಟಾದರೂ ಮಾಡಬೇಕು.

ಅಗ್ಗದ ಮಾತ್ರೆಯೆಂದೆನಲ್ಲವೆ, ಅದರ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆ. ಮೆಥೊಟ್ರೆಕ್ಸೇಟನ್ನು ಸಂಧಿವಾತಕ್ಕೆ ಕೊಡುವುದು ವಾರಕ್ಕೆ ಒಂದೇ ದಿನ. ಉಳಿದ ಮಾತ್ರೆಗಳಂತೆ ಇದೂ ದಿನಕ್ಕೊಂದೆಂದು ಭಾವಿಸಿ ಪ್ರತಿದಿನ ನುಂಗಿದರೆ ಮೂಳೆಯೊಳಗಣ ಮಜ್ಜೆ ರಕ್ತಕಣಗಳನ್ನು ಮಾಡುವುದನ್ನೇ ನಿಲ್ಲಿಸಿ, ಬಾಯಿ ಹುಣ್ಣಾಗಿ, ಪ್ರಾಣಕ್ಕೇ ಸಂಚಕಾರ ಬರುತ್ತದೆ. ಗರ್ಭಿಣಿಯರಂತೂ ಇದನ್ನು ಮುಟ್ಟಲೇ ಕೂಡದು. ಆದಕಾರಣ ಔಷಧದ ಚೀಟಿಯನ್ನು ಕೈಗೆ ತೆಗೆದುಕೊಳ್ಳುವಾಗ ವಾರದ ಯಾವ ದಿನವೆಂಬುದನ್ನು, ಸೋಮವಾರವಾದರೆ ಸೋಮವಾರವೆಂದೇ, ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿಕೊಳ್ಳಿ. ಓದುಬಾರದ ಹಿರಿಯರಿದ್ದರೆ ಆ ವಾರದ ಮಾತ್ರೆಯನ್ನು ಮನೆಯ ಮಕ್ಕಳಲ್ಲೊಬ್ಬರು ತೆಗೆದುಕೊಟ್ಟು, ಉಳಿದುದನ್ನು ಮುಂದಿನ ವಾರದವರೆಗೆ ಬೀರುವಿನೊಳಗಿಟ್ಟು ಬೀಗ ಹಾಕಲಿ.